ಉಪ್ಪಿಲ್ಲದ ಗಂಜಿ

ಉಪ್ಪು ಕಡಿಮೆಯಾಗಿತ್ತಂತೆ. ಗಂಜಿಯ ಪಾತ್ರೆಯಲ್ಲಿ ಸೌಟು ಆಡಿಸುತ್ತ ಸುಗುಣಮ್ಮ ನಿನ್ನೆ ಮಧ್ಯಾಹ್ನದ ಆ ಮಾತಿಗೆ ಇವತ್ತು ಬೆಳಿಗ್ಗೆಯೂ ಮನಸ್ಸಿನಲ್ಲೇ ಉತ್ತರ ಕೊಡುತ್ತಿದ್ದಳು. ಹೊಟ್ಟೆಯಲ್ಲಿ ನೀರು ತುಂಬಿದವರಿಗೆ ಉಪ್ಪು ಕೂಡದೆಂದು ಡಾಕ್ಟರು ಹೇಳಿದ್ದಾರೆ ಎಂದವನು ನಿನ್ನ ಗಂಡನೇ ಅಲ್ಲವೇನಮ್ಮ? ಹಾಕಿದರೆ ನಿನ್ನ ಜೀವಕ್ಕೆ ಕಷ್ಟ, ಹಾಕದಿದ್ದರೆ ನನ್ನ ಕೈಗೆ ದೂರು. ಮೊನ್ನೆ ನಿಂಬೆಕಾಯಿ ಉಪ್ಪಿನಕಾಯಿ ಕೇಳಿದ್ದಳಂತೆ. ಅದರ ಹಿಂದಿನ ದಿನ ಗಂಜಿ ನೀರಾಗಿತ್ತಂತೆ. ಒಮ್ಮೆಯೂ ಕಣ್ಣಾರೆ ಕಂಡಿರದ ಹೆಂಗಸಿನ ಜೊತೆ ಒಲೆಯ ಮುಂದೆ ನಿಂತು ಹೀಗೆ ವಾದ ಮಾಡುವುದು ಈ ಇಪ್ಪತ್ತನಾಲ್ಕು ದಿನಗಳಲ್ಲಿ ಅವಳಿಗೆ ರೂಢಿಯಾಗಿಬಿಟ್ಟಿತ್ತು. ಶಾಲೆಗೆ ರಜೆ ಕೊಟ್ಟ ದಿನದಿಂದ ಬೆಳಿಗ್ಗೆ ಒಂದು ಗಂಟೆ ಹೆಚ್ಚು ಮಲಗಬೇಕೆಂದುಕೊಂಡಿದ್ದಳು. ಐವತ್ತನಾಲ್ಕರ ಮೊಣಕಾಲು ಅದನ್ನೇ ಕೇಳುತ್ತಿತ್ತು. ಆದರೆ ಎಂಟಕ್ಕೆ ಸರಿಯಾಗಿ ಗೇಟಿನ ಚಿಲಕ ಸದ್ದಾಗುತ್ತದೆ, ಆ ಹೆಂಗಸಿನ ಗಂಡ ಗುಡ್ಡಪ್ಪ ಚಪ್ಪಲಿಯನ್ನು ರಸ್ತೆಯಲ್ಲೇ ಬಿಟ್ಟು ಒಳಗೆ ಬಂದು ಪಡಸಾಲೆಯ ಕಂಬದ ಬುಡದಲ್ಲಿ ಕುಕ್ಕರಗಾಲಿನಲ್ಲಿ ಕೂರುತ್ತಾನೆ. ಕೆಮ್ಮುವುದಿಲ್ಲ, ಕರೆಯುವುದಿಲ್ಲ. ಹಾಗೆ ಸುಮ್ಮನೆ ಕೂರುವುದೇ ಅವಳಿಗೆ ಹೆಚ್ಚು ಸಿಟ್ಟು ತರಿಸುತ್ತಿತ್ತು. ಕೂಗಿ ಕೇಳುವವನಾದರೆ ಒಂದು ದಿನ ತಡವಾಗಿ ಕೊಡಬಹುದಿತ್ತು.

ದೊಡ್ಡಾಸ್ಪತ್ರೆಗೆ ಎರಡೇ ಓಣಿ ಆಚೆಯ ಈ ಪಡಸಾಲೆಯಲ್ಲಿ ಮೂವತ್ತು ವರ್ಷ ರೋಗಿಗಳ ಜೊತೆ ಬಂದವರಿಗೆ ಉಣಬಡಿಸಿದವಳು ಅವಳ ಅವ್ವ ದಾನಮ್ಮ. ಸಂಡೂರಿನ ಗಣಿಯವರು, ದರೋಜಿಯ ಕುರಿಯವರು, ಎಲ್ಲಿಂದಲೋ ಬಂದ ಲಾರಿ ಡ್ರೈವರುಗಳು, ಯಾರೆಂದರೆ ಅವರು. ಕೆಲವರು ಗೋಡೆಯ ಮೇಲಿನ ಶಿಲುಬೆಯನ್ನು ನೋಡಿ, ಹಸಿವಿಲ್ಲ ಬಿಡ್ರಿ, ಎಂದು ಎದ್ದುಹೋಗುತ್ತಿದ್ದರು. ಅವ್ವ ಅದಕ್ಕೂ ನಗುತ್ತಿದ್ದಳು. ಮರುದಿನ ಅಂಥವರಿಗೆಂದೇ ಎರಡು ಬಾಳೆಹಣ್ಣು ತೆಗೆದಿಡುತ್ತಿದ್ದಳು, ಸಿಪ್ಪೆ ಇರುವುದರಿಂದ ನಮ್ಮ ಕೈ ತಾಗುವುದಿಲ್ಲವಲ್ಲ ಎಂದು. ಆ ನಗು ಸುಗುಣಮ್ಮನಿಗೆ ಬರಲಿಲ್ಲ. ಅವ್ವ ತೀರಿಕೊಂಡು ನಾಲ್ಕು ವರ್ಷವಾದರೂ ಆಟೋದವರು, ಆಯಾಗಳು, 'ದಾನಮ್ಮನ ಮಗಳ ಮನಿಗೆ ಹೋಗ್ರಿ' ಎಂದು ಕೈತೋರಿಸಿ ಕಳುಹಿಸುತ್ತಲೇ ಇದ್ದರು. ಬಂದವರಿಗೆ ಅವಳು ಇಕ್ಕುತ್ತಿದ್ದಳು. ಕಡಿಮೆ ಇಕ್ಕುತ್ತಿರಲಿಲ್ಲ, ಒಂದು ಮಾತು ಹೆಚ್ಚು ಆಡುತ್ತಲೂ ಇರಲಿಲ್ಲ. ಇಕ್ಕಿ ಒಳಗೆ ಹೋಗಿ ಬಾಗಿಲ ಸಂದಿಯಿಂದ, ಇವರು ಯಾವಾಗ ಎದ್ದಾರು ಎಂದು ನೋಡುತ್ತ ನಿಲ್ಲುತ್ತಿದ್ದಳು. ಆಸ್ಪತ್ರೆಗೆ ಹೋಗಿ ರೋಗಿಯ ಮಂಚದ ಮೇಲೆ ಕೂತು ಕಾಲೊತ್ತಿ ಬರುವುದು ಅವ್ವನ ಕೆಲಸವಾಗಿತ್ತು. ಮಗಳಿಗೆ ಫಿನಾಯಿಲಿನ ವಾಸನೆ ಆಗುತ್ತಿರಲಿಲ್ಲ. ಹೀಗೆ ನಡೆದುಕೊಂಡು ಬಂದದ್ದನ್ನು ಚರ್ಚಿನ ಸಭೆಯವರು ಅತಿಥಿಸತ್ಕಾರದ ವರ ಎನ್ನುತ್ತಿದ್ದರು. ಕೇಳಿ ಅವಳು ತಲೆ ತಗ್ಗಿಸುತ್ತಿದ್ದಳು. ಅದನ್ನು ಅವರು ವಿನಯವೆಂದುಕೊಳ್ಳುತ್ತಿದ್ದರು.

"ಇವತ್ತೂ ಉಪ್ಪು ಹಾಕಿಲ್ಲ. ಹೇಳ್ರಿ ನಿಮ್ಮಾಕಿಗೆ," ಎಂದು ಡಬ್ಬಿ ಕೊಟ್ಟಳು.

"ಹೇಳ್ತೀನ್ರಿ ಟೀಚರಮ್ಮ," ಎಂದ ಗುಡ್ಡಪ್ಪ. ಡಬ್ಬಿಯ ಮುಚ್ಚಳ ಬಿಗಿಯಾಗಿದೆಯೇ ಎಂದು ಎರಡು ಸಲ ಒತ್ತಿ ನೋಡಿದ. "ಬಿಸಿ ಐತ್ರಿ. ಆಕಿಗೆ ಬಿಸಿ ಇದ್ರ ಭಾಳ ಸೇರ್ತೈತಿ."

ಅವನು ಹೋದಮೇಲೆ ಅವಳು ಸೀರೆ ಬದಲಿಸಿದಳು. ಇವತ್ತು ಅವಳಿಗೆ ಆಸ್ಪತ್ರೆಗೆ ಹೋಗದೆ ಗತ್ಯಂತರವಿರಲಿಲ್ಲ. ತಪ್ಪು ಅವಳದೇ. ಕಳೆದ ಶನಿವಾರ ಮಧ್ಯಾಹ್ನ ಊಟಕ್ಕೆ ಬಂದ ಗುಡ್ಡಪ್ಪ ಖಾಲಿ ಡಬ್ಬಿ ತೊಳೆದು ಕೊಡುತ್ತ, "ಆಯಮ್ಮಗ ನನ್ನ ಶರಣು ಹೇಳು ಅಂದ್ಲ್ರಿ. ಈಗ ತಾನ ಎದ್ದು ಕುಂದ್ರತಾಳ," ಎಂದಿದ್ದ. ಮರುದಿನ ಭಾನುವಾರದ ಆರಾಧನೆಯಲ್ಲಿ, ದೇವರ ಉಪಕಾರಕ್ಕೆ ಸಾಕ್ಷಿ ಹೇಳುವವರು ಹೇಳಬಹುದು ಎಂದು ಪಾದ್ರಿ ಅಯ್ಯನವರು ಕರೆದಾಗ, ಯಾವತ್ತೂ ಏಳದ ಸುಗುಣಮ್ಮ ಎದ್ದು ನಿಂತಿದ್ದಳು. ಏಕೆ ಎದ್ದೆನೆಂದು ಅವಳಿಗೆ ಈಗಲೂ ತಿಳಿಯದು. ಹಿಂದಿನ ಬೆಂಚಿನ ಫ್ಯಾನು ಸದ್ದು ಮಾಡುತ್ತಿತ್ತು. ಸಾಯುವ ಸ್ಥಿತಿಯಲ್ಲಿದ್ದ ಒಬ್ಬ ಸಹೋದರಿ ನಮ್ಮ ಮನೆಯ ಗಂಜಿಯಿಂದ, ನಮ್ಮ ಪ್ರಾರ್ಥನೆಯಿಂದ ಎದ್ದು ಕೂತಿದ್ದಾಳೆ ಎಂದಳು. 'ನಮ್ಮ ಪ್ರಾರ್ಥನೆ' ಎನ್ನುವಾಗ ನಾಲಿಗೆ ಒಂದು ಕ್ಷಣ ತಡೆಯಿತು. ಅವಳು ಆ ಹೆಂಗಸಿಗಾಗಿ ಒಂದು ಸಲವೂ ಮೊಣಕಾಲೂರಿರಲಿಲ್ಲ. ಆದರೆ ಇಡೀ ಸಭೆ ಸ್ತೋತ್ರ ಎಂದಿತು, ಅವಳ ಮೈಯಲ್ಲಿ ಬಹಳ ದಿನಗಳಿಂದ ಇಲ್ಲದ ಒಂದು ಬಿಸಿ ಹರಿದಾಡಿತು. ಆರಾಧನೆ ಮುಗಿದ ಮೇಲೆ ಅಯ್ಯನವರ ಹೆಂಡತಿ ಗ್ರೇಸಮ್ಮ ಕೈ ಹಿಡಿದುಕೊಂಡು, ಗುರುವಾರ ಸಂಜೆ ನಾಲ್ಕಕ್ಕೆ ಸ್ತ್ರೀಸಂಘದವರೆಲ್ಲ ಹಣ್ಣು ತಗೊಂಡು ಆ ಸಹೋದರಿಯನ್ನು ನೋಡಲು ಬರುತ್ತೇವೆ ಎಂದುಬಿಟ್ಟಳು. ಗುರುವಾರ ಇವತ್ತು. ಅವರಿಗಿಂತ ಮೊದಲು ತಾನು ಹೋಗಿ, ಆ ಹೆಂಗಸಿಗೆ ತಲೆ ಬಾಚಿಸಿ, ಉಪ್ಪಿನ ಮಾತು ಎತ್ತದ ಹಾಗೆ ನಾಲ್ಕು ಒಳ್ಳೆಯ ಮಾತು ಆಡಿಸಬೇಕು. ಓಣಿಯ ತಿರುವಿನಲ್ಲಿ ಈ ಯೋಚನೆ ಅವಳಿಗೇ ಅಸಹ್ಯವೆನಿಸಿತು, ಆದರೂ ಕಾಲು ನಡೆಯುತ್ತಲೇ ಇತ್ತು.

ಹೆಂಗಸರ ವಾರ್ಡು ಮಹಡಿಯ ಮೇಲಿತ್ತು. ಮೇಜಿನ ಹಿಂದೆ ಕೂತಿದ್ದ ಸಣ್ಣ ವಯಸ್ಸಿನ ಸಿಸ್ಟರು ಬರೆಯುತ್ತಲೇ ಕೇಳಿದಳು, "ಪೇಷೆಂಟ್ ಹೆಸರೇನ್ರಿ?"

ಸುಗುಣಮ್ಮ ಬಾಯಿ ತೆರೆದಳು. ಹೆಸರು ಇರಲಿಲ್ಲ. ಇಪ್ಪತ್ತನಾಲ್ಕು ದಿನ 'ನಿಮ್ಮಾಕಿ' ಎಂದಿದ್ದಳು, ಸಭೆಯಲ್ಲಿ 'ಒಬ್ಬ ಸಹೋದರಿ' ಎಂದಿದ್ದಳು. "ಗಂಡನ ಹೆಸರು ಗುಡ್ಡಪ್ಪ. ಕಂಪ್ಲಿ ಹತ್ರ ಎಮ್ಮಿಗನೂರವರು. ಹೊಟ್ಟೆಯಾಗ ನೀರು ತುಂಬಿತ್ತು," ಎಂದಳು.

"ಹೆಸರು ಗೊತ್ತಿಲ್ದನ ನೋಡಾಕ ಬಂದೀರೇನ್ರಿ?" ಸಿಸ್ಟರಿನ ದನಿಯಲ್ಲಿ ಕುಹಕವೇನೂ ಇರಲಿಲ್ಲ, ಬರೀ ಆಶ್ಚರ್ಯ. ಅಷ್ಟಕ್ಕೇ ಸುಗುಣಮ್ಮನ ಕಿವಿ ಬಿಸಿಯಾಯಿತು. ಮಗ್ಗಿ ಬಾರದ ಮಕ್ಕಳನ್ನು ಮೂವತ್ತು ವರ್ಷ ನಿಲ್ಲಿಸಿದವಳು ಈಗ ತಾನು ಹಾಗೆ ನಿಂತಿದ್ದಳು. ಕಿಟಕಿಯ ಪಕ್ಕದ ಮಂಚದಲ್ಲಿ ಒಬ್ಬ ಮುದುಕಿಯ ಬಾಯಿ ಒರೆಸುತ್ತಿದ್ದ ಹೆಂಗಸು ಇದನ್ನು ಕೇಳಿ ಎದ್ದು ಬಂದಳು. ಮೂವತ್ತರ ಒಳಗಿನವಳು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದಳು.

"ನೀವು ಗಂಜಿ ಅಮ್ಮಾರೇನ್ರಿ? ನಾನು ದುರ್ಗಾ ಅಂತ, ಮರಿಯಮ್ಮನಹಳ್ಳಿ. ಬರ್ರಿ, ಕುಂದ್ರಿ." ಸ್ಟೂಲಿನ ಮೇಲಿದ್ದ ಟವೆಲ್ಲು ಎತ್ತಿ ಜಾಗ ಮಾಡಿದಳು. "ಗುಡ್ಡಪ್ಪ ಅಣ್ಣ ನಿಮ್ಮ ಸುದ್ದಿ ಹೇಳ್ತಿರ್ತಾನ. ಆದ್ರ ಆ ಅಕ್ಕ ತೀರಿಕೊಂಡ್ಲಲ್ರಿ. ನಿಮಗ ಹೇಳಿಲ್ಲೇನು?"

"ಯಾವಾಗ?"

"ಮೊನ್ನಿ ಮಂಗಳವಾರ ಅಲ್ರಿ, ಅದರ ಹಿಂದಿನ ಮಂಗಳವಾರ. ಒಂಬತ್ತು ದಿನ ಆತು. ಮುಂಜಾನಿ ರಕ್ತ ಕಾರಿಕೊಂಡ್ಲು, ಆಗೇ ಹೋತು. ವಾರ್ಡಿನವರ ಸೇರಿ ಸೀರಿ ಹೊದಿಸಿದ್ವಿ. ವ್ಯಾನ್ ಇಟ್ಕೊಂಡಿರೋ ಯಾರೋ ಪುಣ್ಯಾತ್ಮರು ಬಂದು ಇಲ್ಲೇ ಊರ ಹೊರಗ ಮಣ್ಣು ಮಾಡಿಸಿದ್ರು." ದುರ್ಗಾ ದನಿ ತಗ್ಗಿಸಿದಳು. "ಅಣ್ಣ ಊರಿಗೆ ಹೋಗವಲ್ಲ. ದಿನಾ ನಿಮ್ಮ ಡಬ್ಬಿ ತಂದು ಆ ಮಂಚ ನೋಡ್ತಾನ, ಆಮ್ಯಾಲೆ ನಮ್ಮತ್ತಿಗೆ ಕೊಡ್ತಾನ. ಮಧ್ಯಾಹ್ನದ ತನಕ ಮೆಟ್ಟಿಲ ಮ್ಯಾಲೆ ಕುಂತಿರ್ತಾನ. ಈಗಷ್ಟ ಹೊರಗ ಹೋದ, ಬರ್ತಾನ."

"ಹಂಗಾದ್ರ ಉಪ್ಪು ಕಮ್ಮಿ ಅಂದಾಕಿ ನಿಮ್ಮತ್ತಿ ಏನು?" ಕೇಳಿದ ಮೇಲೆ, ಒಬ್ಬಳ ಸಾವಿನ ಸುದ್ದಿಗೆ ತನ್ನ ಬಾಯಿಂದ ಬಂದ ಮೊದಲ ಮಾತು ಇದೇ ಆಯಿತಲ್ಲ ಎನಿಸಿತು.

"ನಮ್ಮತ್ತಿಗೆ ಎಲ್ಲಿ ಮಾತ್ರಿ? ಲಕ್ವ ಹೊಡದು ಬಾಯಿ ಬಿದ್ದು ಹೋಗೈತಿ. ಸುಮ್ನ ಕುಡಿತಾಳ ನೋಡ್ರಿ, ಚೆಂದಗೆ," ಎಂದಳು ದುರ್ಗಾ. ಮುದುಕಿಯ ಎದೆಯ ಮೇಲೆ ಗಂಜಿಯ ಒಂದು ಹನಿ ಒಣಗಿತ್ತು. ಅವಳು ಸುಗುಣಮ್ಮನನ್ನೇ ನೋಡುತ್ತಿದ್ದಳು. ಪಕ್ಕದ ಮಂಚದಲ್ಲಿ ಬೇರೆ ಯಾರೋ ಗೋಡೆಯ ಕಡೆ ತಿರುಗಿ ಮಲಗಿದ್ದರು.

ಮೆಟ್ಟಿಲಿಳಿಯುವಾಗ ಅವಳು ಗುಡ್ಡಪ್ಪ ಎದುರಾದಾನೆಂದು ಹೆದರಿ ಹಿಂದಿನ ಬಾಗಿಲಿಂದ ಹೊರಬಂದಳು. ಬಿಸಿಲು ನೆತ್ತಿಗೇರುತ್ತಿತ್ತು. ಸಂಘದವರಿಗೆ ಏನು ಹೇಳಲಿ? ಭಾನುವಾರ ಅವಳು ಎದ್ದು ನಿಂತಾಗ ಆ ಹೆಂಗಸು ಮಣ್ಣಿನಡಿ ಐದು ದಿನದವಳು. ಎಲ್ಲರೂ ಸ್ತೋತ್ರ ಎಂದರು. ಗುಡ್ಡಪ್ಪ ಮೋಸ ಮಾಡಿದ, ದಿನಾ ಕೂತು ಉಂಡು ಮುಖ ನೋಡಿ ಸುಳ್ಳು ಹೇಳಿದ. ಇವತ್ತು ಬರಲಿ, ತಟ್ಟೆಯ ಮುಂದೆಯೇ ಕೇಳುತ್ತೇನೆ. ಕಾಲುವೆಯ ಸೇತುವೆಯ ಮೇಲೆ ಅದಿರಿನ ಲಾರಿಯೊಂದು ಕೆಂಪು ಧೂಳೆಬ್ಬಿಸಿಕೊಂಡು ಹೋದಾಗ ಸೆರಗಿನಿಂದ ಮೂಗು ಮುಚ್ಚಿಕೊಂಡು ನಿಂತಳು, ಮತ್ತು ನಿಂತಲ್ಲೇ ಸಿಟ್ಟು ಇಳಿದುಹೋಯಿತು. ಸಿಟ್ಟಿಗೂ ಒಂದಿಷ್ಟು ತ್ರಾಣ ಬೇಕು. ಅವ್ವನಾಗಿದ್ದರೆ ಮೊದಲ ದಿನವೇ ಆ ಮಂಚದ ಮೇಲೆ ಕೂತು, ನಿನ್ನ ಹೆಸರೇನವ್ವ, ಎಷ್ಟು ಮಕ್ಕಳು, ಎಂದು ಕೇಳುತ್ತಿದ್ದಳು. ಸತ್ತ ದಿನ ತನ್ನ ಟ್ರಂಕಿನಿಂದ ಸೀರೆ ತೆಗೆದುಕೊಂಡು ಓಡುತ್ತಿದ್ದಳು. ಅವ್ವನ ಆ ಓಡಾಟವನ್ನು ಕಂಡು ನಾಚುತ್ತಿದ್ದ ಹುಡುಗಿ ತಾನು. ಪಕ್ಕದ ಮನೆಯವರು, ನಿಮ್ಮವ್ವ ಕಂಡಕಂಡವರ ಹೆಣಕ್ಕೂ ನೀರೆರೀತಾಳ, ಎಂದದ್ದಕ್ಕೆ ಎರಡು ದಿನ ಅವ್ವನ ಜೊತೆ ಮಾತು ಬಿಟ್ಟಿದ್ದಳು. ಎರಡು ಓಣಿಯ ದೂರದಲ್ಲಿ, ಗುರುತಿಲ್ಲದವರು ಸೇರಿ ಸೀರೆ ಹೊದಿಸಿದ್ದರು. ಆ ಹೊತ್ತಿನಲ್ಲಿ ತಾನು ಏನು ಮಾಡುತ್ತಿದ್ದೆ? ಮಂಗಳವಾರ ಬೆಳಿಗ್ಗೆ. ಬಹುಶಃ ಮಿಕ್ಕ ಗಂಜಿಯನ್ನು ಮೋರಿಗೆ ಚೆಲ್ಲುತ್ತಿದ್ದೆ.

ಒಂದು ಗಂಟೆಗೆ ಗುಡ್ಡಪ್ಪ ಬಂದ. ನಲ್ಲಿಯಲ್ಲಿ ಡಬ್ಬಿ ತೊಳೆದು ಬೋರಲು ಹಾಕಿ ಕಂಬದ ಬುಡದಲ್ಲಿ ಕೂತ. ಅವಳು ತಟ್ಟೆ ಇಟ್ಟು ಅನ್ನ ಹಾಕಿ ಬೇಳೆಸಾರು ಬಿಟ್ಟಳು. ದಿನದಂತೆ ಒಳಗೆ ಹೋಗದೆ ಹೊಸ್ತಿಲ ಮೇಲೆ ಕೂತಳು. ಅವನು ಒಮ್ಮೆ ತಲೆಯೆತ್ತಿ ನೋಡಿ ಮತ್ತೆ ತಗ್ಗಿಸಿದ. ಅರ್ಧ ಉಂಡ ಮೇಲೆ, ರೂಢಿಯಂತೆ, "ಇವತ್ತು ಗಂಜಿ ಚೆಂದ ಆಗಿತ್ತಂತ್ರಿ. ಉಪ್ಪೊಂದು..." ಎಂದ.

"ನಾನು ಮುಂಜಾನೆ ಆಸ್ಪತ್ರೆಗೆ ಹೋಗಿದ್ದೆ," ಎಂದಳು ಸುಗುಣಮ್ಮ. ಅವಳು ಅಂದುಕೊಂಡಿದ್ದಷ್ಟು ಗಟ್ಟಿಯಾಗಿ ಅದು ಹೊರಬರಲಿಲ್ಲ.

ಅವನ ಕೈ ತಟ್ಟೆಯಲ್ಲೇ ನಿಂತಿತು. ಅವನು ತಟ್ಟೆ ಬಿಟ್ಟು ಎದ್ದುಹೋಗುತ್ತಾನೆಂದು ಅವಳಿಗನಿಸಿತು. ಏಳಲಿಲ್ಲ. ಕಲಸಿದ ಅನ್ನವನ್ನು ಸಣ್ಣ ಸಣ್ಣ ತುತ್ತು ಮಾಡಿ, ಒಂದಗುಳೂ ಬಿಡದೆ, ಬಹಳ ಹೊತ್ತು ತೆಗೆದುಕೊಂಡು ಉಂಡ. ಹಾಕಿದ್ದನ್ನು ಬಿಟ್ಟರೆ ಅವಳಿಗೆ ಅವಮಾನವೆಂದೋ, ಉಂಡು ಮುಗಿಸುವವರೆಗೆ ಮಾತಾಡಬೇಕಿಲ್ಲವೆಂದೋ. ಅವನ ಗಂಟಲ ಉಬ್ಬು ಏರಿಳಿಯುವುದನ್ನು ಅವಳು ನೋಡುತ್ತ ಕೂತಳು. ಆಮೇಲೆ ಅವನು ಕೈ ತೊಳೆದು ಬಂದು ನಿಂತ.

"ಸುಳ್ಳು ಹೇಳಿದೆ ಟೀಚರಮ್ಮ. ತಪ್ಪಾತು."

"ಯಾಕ ಹೇಳಿದ್ರಿ? ಸತ್ರ ಅನ್ನ ಹಾಕಂಗಿಲ್ಲ ಅನ್ಕೊಂಡ್ರೇನು?"

"ಅದೂ ಒಂದು ಇರಬೇಕ್ರಿ," ಎಂದ ಅವನು ಯೋಚಿಸಿ. "ಅದಕ್ಕಿಂತ, ಅವತ್ತು ಮುಂಜಾನಿ ನೀವು ಡಬ್ಬಿ ಕೊಟ್ಟಿದ್ರಿ. ನಾ ತಗೊಂಡು ಹೋಗೋದ್ರಾಗ ಆಕಿ ಹೋಗಿದ್ಲು. ಮರುದಿನ ಹೇಳಾಕಂತನ ಬಂದೆ. ನೀವು ಡಬ್ಬಿ ತುಂಬಿ ಇಟ್ಟಿದ್ರಿ. 'ಹೆಂಗ ಅದಾಳ ನಿಮ್ಮಾಕಿ' ಅಂದ್ರಿ. ಅಷ್ಟ. ಹಂಗ ಕೇಳೋರು ಮತ್ತ್ಯಾರು ಇರಲಿಲ್ರಿ. ಅದಾಳ, ಉಪ್ಪು ಕಮ್ಮಿ ಅಂದ್ಲು, ಅಂದೆ. ಆಕಿ ಯಾವಾಗ್ಲೂ ಹಂಗ ಅಂತಿದ್ಲು, ಮನ್ಯಾಗ ತಾನ ಮಾಡಿದ ಅಡಿಗಿಗೂ. ನನಗ ಬ್ಯಾರೆ ಏನು ಹೇಳಾಕ ಬರತೈತಿ, ಆಕಿ ಮಾತ ಹೇಳಿದೆ."

ಆ 'ಹೆಂಗ ಅದಾಳ' ಎಂಬ ಮಾತನ್ನು ಅವಳು ಡಬ್ಬಿಯ ಮುಚ್ಚಳ ಒತ್ತುವಾಗ, ಅವನ ಮುಖವನ್ನೂ ನೋಡದೆ ದಿನಾ ಆಡುತ್ತಿದ್ದಳು. ಉತ್ತರಕ್ಕೆ ಕಾದ ನೆನಪೇ ಇರಲಿಲ್ಲ.

"ಏನು ಅವರ ಹೆಸರು?"

"ಊರಮ್ಮ."

"ಊರಾಗ ಯಾರಿಗೂ ಹೇಳಿಲ್ಲೇನು?"

ಗುಡ್ಡಪ್ಪ ಗೋಡೆಗೆ ಒರಗಿ ಕುಸಿದಂತೆ ಕೂತ. ಮಕ್ಕಳಿಲ್ಲ, ಮನೆಯಲ್ಲಿ ಊರಮ್ಮನ ತಾಯಿ ಹುಲಿಗೆಮ್ಮ ಒಬ್ಬಳೇ ಇದ್ದಾಳೆ, ಎಂದ. ಹೆಣ ಊರಿಗೆ ಒಯ್ಯಲು ಗಾಡಿ ಕೇಳಲೆಂದು ಗೇಟಿನ ತನಕ ಹೋಗಿ ವಾಪಸ್ಸು ಬಂದನಂತೆ. "ಒಯ್ದ್ರ ಆ ಮುದುಕಿ ಮುಂದ ಇಳಸಬೇಕಲ್ರಿ. ಒಬ್ಬಾಕಿನ ಮಗಳು. ಮೂರು ದಿನಕ್ಕೊಮ್ಮೆ ಪಕ್ಕದ ಮನಿ ಕೊಟ್ರಬಸಪ್ಪನ ಫೋನಿಗೆ ಮಾಡಿ, ಆರಾಮ ಆಗಾಕತ್ತಾಳ ಅಂತೀನಿ. ಇಲ್ಲಿ ನಿಮಗ ಹೇಳೋದು ಅಲ್ಲಿ ಆಕಿಗೆ ಹೇಳೋದು ಒಂದ ಮಾತು ಆತು. ಇವತ್ತು ಹೇಳಬೇಕು ನಾಳಿ ಹೇಳಬೇಕು ಅಂತ ಒಂಬತ್ತು ದಿನ ಆತು. ಈಗ ಹೋದ್ರ ಒಂಬತ್ತು ದಿನ ಎಲ್ಲಿದ್ದಿ ಅಂತ ಕೇಳ್ತಾಳ."

ಬಿಸಿಲು ಪಡಸಾಲೆಯ ಅರ್ಧಕ್ಕೆ ಬಂದಿತ್ತು. ಸುಗುಣಮ್ಮನಿಗೆ ಮಲಗಬೇಕೆನಿಸಿತು. ಇವನನ್ನು ಬಸ್ಸಿಗೆ ಹತ್ತಿಸಿ, ಬಾಗಿಲು ಹಾಕಿ, ಫ್ಯಾನಿನ ಕೆಳಗೆ ಬರಿಯ ನೆಲದ ಮೇಲೆ ಕಾಲು ಚಾಚಿ ಮಲಗಬೇಕು. ತಾನು ಇಷ್ಟು ದಿನ ಇಕ್ಕಿದ್ದಕ್ಕೆ ಅಷ್ಟು ಹಕ್ಕಿದೆ. ಹಾಗೆಂದುಕೊಳ್ಳುತ್ತಲೇ ಅವಳು ಎದ್ದು ಒಳಗೆ ಹೋಗಿ ಚಪ್ಪಲಿ ಹುಡುಕತೊಡಗಿದಳು. ಅದು ಕರುಣೆಯಾಗಿರಲಿಲ್ಲ. ನಾಲ್ಕು ಗಂಟೆಗೆ ಹಣ್ಣು ಹಿಡಿದು ಬರುವವರ ಎದುರು ಈ ಪಡಸಾಲೆಯಲ್ಲಿ ಕೂತಿರಲು ಅವಳಿಂದ ಸಾಧ್ಯವಿರಲಿಲ್ಲ, ಅಷ್ಟೆ ಎಂದು ತನಗೆ ತಾನೇ ಹೇಳಿಕೊಂಡಳು. ಗ್ರೇಸಮ್ಮನಿಗೆ ಫೋನು ಮಾಡಿದಳು.

"ವಂದನೆ ಅಮ್ಮಾರ. ಇವತ್ತು ಯಾರೂ ಬರಬ್ಯಾಡ್ರಿ. ಆಕಿ ತೀರಿಕೊಂಡಾಳ."

"ಅಯ್ಯೋ ದೇವರೇ. ಇವತ್ತಾ?"

"ಇಲ್ಲ. ಒಂಬತ್ತು ದಿನ ಆತು."

ಆ ಕಡೆ ಗ್ರೇಸಮ್ಮ ಬೆರಳೆಣಿಸುತ್ತಿರುವುದು ಕಂಡ ಹಾಗಾಯಿತು. "ಭಾನುವಾರ ನೀವು ಸಾಕ್ಷಿ ಹೇಳಿದ್ರಲ್ಲ ಸುಗುಣಮ್ಮ?"

"ಹೇಳಿದೆ. ನಾನು ಒಂದು ದಿನಾನೂ ಹೋಗಿ ನೋಡಿರಲಿಲ್ಲ."

"ಸಭೆಗೆ ಏನಂತ ಹೇಳೋದು ಈಗ?"

"ಈ ಭಾನುವಾರ ನಾನ ನಿಂತು ಹೇಳ್ತೀನಿ," ಎಂದು ಫೋನಿಟ್ಟಳು. ಹೊರಗೆ ಬಂದು, "ನಡೀರಿ. ನಾನೂ ಬರ್ತೀನಿ," ಎಂದಳು. ಗುಡ್ಡಪ್ಪ ಚಪ್ಪಲಿ ಮೆಟ್ಟಿಕೊಂಡು ಅವಳಿಗಿಂತ ಎರಡು ಹೆಜ್ಜೆ ಹಿಂದೆ ನಡೆದ.

ಕಂಪ್ಲಿಯ ಬಸ್ಸಿನಲ್ಲಿ ಅವರಿಗೆ ಬೇರೆ ಬೇರೆ ಸೀಟು ಸಿಕ್ಕಿತು. ಕಮಲಾಪುರದಲ್ಲಿ ಹಂಪಿ ನೋಡಿ ಬಂದ ಯಾರೋ ದೊಡ್ಡ ಚೀಲಗಳೊಂದಿಗೆ ಹತ್ತಿದರು, ಬುಕ್ಕಸಾಗರದಲ್ಲಿ ಬಾಳೆಗೊನೆಯವರು. ಬಿಸಿಗಾಳಿ ಕಿಟಕಿಯಿಂದ ಮುಖಕ್ಕೆ ಹೊಡೆಯುತ್ತಿತ್ತು. ಸುಗುಣಮ್ಮ ಅಲ್ಲಿ ಹೋಗಿ ಆಡಬೇಕಾದ ಮಾತನ್ನು ಜೋಡಿಸಲು ನೋಡಿದಳು. ಕರ್ತನು ಕೊಟ್ಟನು, ಎಂದು ಆರಂಭಿಸುವ ಮಾತುಗಳು ಬಂದವು; ಅವು ಸಭೆಯ ಬೆಂಚುಗಳಿಗೆ ಹೇಳಿಮಾಡಿಸಿದವು, ಅಪರಿಚಿತ ಮುದುಕಿಯ ಮುಂದೆ ಹೇಗೆ ಇಡುವುದು? ಕಣ್ಣು ಮುಚ್ಚಿದಳು. ನಿದ್ದೆ ಬಂದುಬಿಟ್ಟಿತು. ಕಂಪ್ಲಿಯಲ್ಲಿ ಗುಡ್ಡಪ್ಪ ಸೀಟಿನ ಕಂಬಿಯನ್ನು ಮೆಲ್ಲಗೆ ಬಡಿದು ಎಬ್ಬಿಸಬೇಕಾಯಿತು. ಟಂಟಂ ಆಟೋ ಹಿಡಿದು ಎಮ್ಮಿಗನೂರಿನಲ್ಲಿಳಿದಾಗ ಐದು ಹೊಡೆದಿತ್ತು. ಭತ್ತ ಕೊಯ್ದ ಗದ್ದೆಗಳಲ್ಲಿ ಕೂಳೆಗೆ ಬೆಂಕಿಯಿಟ್ಟ ಹೊಗೆ ನಿಂತಿತ್ತು.

ಮಣ್ಣಿನ ಮಾಳಿಗೆಯ ಸಣ್ಣ ಮನೆ. ಹೊರಗೆ ನೆರಳಿನಲ್ಲಿ ಹುಲಿಗೆಮ್ಮ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಅಳಿಯನನ್ನು ನೋಡಿದವಳು ಅವನ ಹಿಂದೆ ನೋಡಿದಳು, ಸುಗುಣಮ್ಮನನ್ನು ದಾಟಿ ರಸ್ತೆಯ ತನಕ.

"ಆಕಿನ ಬಿಟ್ಟು ಬಂದೇನೋ?" ಎಂದಳು. ಕಿವಿ ಮಂದವಿದ್ದವರ ದೊಡ್ಡ ದನಿ. "ಈಯಮ್ಮ ಯಾರು?"

"ಗಂಜಿ ಕೊಡ್ತಿದ್ದ ಟೀಚರಮ್ಮ, ಅತ್ತಿ. ಕಿರಸ್ತಾನ್ರು."

ಮುದುಕಿ ಹುಣಸೆಯ ಮೊರ ಪಕ್ಕಕ್ಕಿಟ್ಟು, ನೆಲಕ್ಕೆ ಕೈಯೂರಿ ಎದ್ದು, ಅಂಟು ಬೆರಳುಗಳನ್ನು ಸೀರೆಗೆ ಒರೆಸಿಕೊಂಡು ಸುಗುಣಮ್ಮನ ಎರಡೂ ಕೈ ಹಿಡಿದಳು. "ನನ್ನ ಮಗಳಿಗೆ ಉಣ್ಣಾಕ ಕೊಟ್ಟಾಕಿ ನೀನ ಏನವ್ವ? ಬಾ, ಒಳಗ ಬಾ. ಬಿಸಲಾಗ ಬಂದಿ. ಮೊದ್ಲು ಉಣ್ಣು." ಉತ್ತರಕ್ಕೆ ಕಾಯದೆ ಒಳಗೆ ಹೋದಳು. ಪಾತ್ರೆಗಳ ಸದ್ದಾಯಿತು. ಸುಗುಣಮ್ಮ ತಿರುಗಿ ಗುಡ್ಡಪ್ಪನನ್ನು ನೋಡಿದಳು.

"ಈಗ ಹೇಳಿಬಿಡೋಣ," ಎಂದಳು ಮೆಲ್ಲಗೆ. "ಉಂಡ ಮ್ಯಾಲೆ ಹೆಂಗ ಹೇಳೋದು?"

"ಬ್ಯಾಡ್ರಿ." ಗುಡ್ಡಪ್ಪನ ಕಣ್ಣು ಮೊದಲ ಸಲ ಅವಳ ಕಣ್ಣನ್ನು ನೇರವಾಗಿ ನೋಡಿತು. "ಹೇಳಿದ್ರ ಈ ಮನ್ಯಾಗ ಮತ್ತ ಒಲಿ ಹತ್ತಂಗಿಲ್ಲ. ಒಬ್ಬಾಕಿ ಇದ್ರ ಆಕಿ ದಿನಕ್ಕೊಂದು ರೊಟ್ಟಿ ತಿಂದ್ರ ತಿಂದ್ಲು, ಇಲ್ಲಂದ್ರ ಇಲ್ಲ ಅಂತ ಕೊಟ್ರಬಸಪ್ಪ ಹೇಳ್ತಿದ್ದ. ನೀವು ಉಂಡ್ರ ಜೋಡಿ ಉಣ್ತಾಳ್ರಿ. ಕೈ ಮುಗಿತೀನಿ, ಉಣ್ರಿ."

ಒಳಗೆ ಕತ್ತಲಿತ್ತು, ತಂಪಿತ್ತು. ಹುಲಿಗೆಮ್ಮ ಎರಡು ತಾಟು ಎದುರುಬದುರು ಇಟ್ಟು ಜೋಳದ ರೊಟ್ಟಿ, ಪುಂಡಿಪಲ್ಲೆ, ಒಡೆದ ಈರುಳ್ಳಿ ಹಾಕಿದ್ದಳು. ಮುದುಕಿಯ ತಾಟಿನಲ್ಲಿ ಅರ್ಧ ರೊಟ್ಟಿ. ಸುಗುಣಮ್ಮನಿಗೆ ಹಸಿವೆಂಬುದಿರಲಿಲ್ಲ; ಬೆಳಿಗ್ಗೆಯಿಂದ ನುಂಗಿದ ಬಿಸಿಲು, ಧೂಳು ಎದೆಯಲ್ಲೇ ನಿಂತ ಹಾಗಿತ್ತು. ಒಂದು ತುಣುಕು ಮುರಿದು ಬಾಯಿಗಿಟ್ಟಳು. ಹುಲಿಗೆಮ್ಮ ಅವಳ ಬಾಯಿಯನ್ನೇ ನೋಡುತ್ತಿದ್ದವಳು ತಾನೂ ಒಂದು ತುಣುಕು ಮುರಿದಳು. ಆಗ ಸುಗುಣಮ್ಮನಿಗೆ ಲೆಕ್ಕ ತಿಳಿಯಿತು. ತಾನು ನಿಲ್ಲಿಸಿದರೆ ಮುದುಕಿ ನಿಲ್ಲಿಸುತ್ತಾಳೆ. ಅವಳು ಅಗಿದಳು, ನುಂಗಿದಳು, ನೀರು ಕುಡಿದು ಮತ್ತೆ ಮುರಿದಳು. ಮುದುಕಿಯ ಅರ್ಧ ರೊಟ್ಟಿ ಮುಗಿದಾಗ, "ಭಾಳ ರುಚಿ ಐತಿ ಅಮ್ಮ, ಇನ್ನೊಂದು ಹಾಕ್ರಿ. ನೀವೂ ಹಾಕ್ಕೋರಿ," ಎಂದಳು. ಮುದುಕಿಯ ಮುಖ ಬಿಚ್ಚಿಕೊಂಡಿತು. ತನಗೂ ಒಂದು ಹಾಕಿಕೊಂಡಳು. ಯಾರಾದರೂ ಇಷ್ಟು ಹತ್ತಿರ ಕೂತು, ತಾನು ಉಣ್ಣುವುದನ್ನು ಇಷ್ಟು ಆಸೆಯಿಂದ ನೋಡಿದ್ದು ಅವ್ವ ಹೋದಮೇಲೆ ಸುಗುಣಮ್ಮನಿಗೆ ನೆನಪಿರಲಿಲ್ಲ. ತಾನು ಬಡಿಸಿದ ಯಾರನ್ನೂ ತಾನು ಹೀಗೆ ನೋಡಿರಲಿಲ್ಲ. ಮಜ್ಜಿಗೆ ಕುಡಿದಳು. ಬಾಗಿಲಲ್ಲಿ ಗುಡ್ಡಪ್ಪ ಬೆನ್ನು ತಿರುಗಿಸಿ ನಿಂತಿದ್ದ.

ಹುಲಿಗೆಮ್ಮ ಕೈ ತೊಳೆದು ತಾಟುಗಳನ್ನು ಮೂಲೆಗಿಟ್ಟು ಬಂದು ಕೂತಮೇಲೆ ಅವನು ಒಳಗೆ ಬಂದು ಅವಳ ಎದುರು ಮೊಣಕಾಲೂರಿದ.

"ಅತ್ತಿ, ಊರಮ್ಮ ಹೋದ್ಲು."

"ಎಲ್ಲಿಗೆ?" ಎಂದಳು ಮುದುಕಿ.

ಅವನು ತಲೆ ತಗ್ಗಿಸಿದ. ಅವಳು ಅವನ ಮುಖ ನೋಡಿದಳು, ಸುಗುಣಮ್ಮನ ಮುಖ ನೋಡಿದಳು. ಸುಗುಣಮ್ಮ ಬಾಗಿ ಅವಳ ಕಿವಿಯ ಹತ್ತಿರ, ಗಟ್ಟಿಯಾಗಿ ಹೇಳಲೇಬೇಕಾಗಿ ಬಂದುದರಿಂದ ಗಟ್ಟಿಯಾಗಿ, "ತೀರಿಕೊಂಡ್ರು ಅಮ್ಮ. ಊರಮ್ಮ ತೀರಿಕೊಂಡ್ರು. ಒಂಬತ್ತು ದಿನ ಆತು. ಹೊಸಪೇಟ್ಯಾಗ ಮಣ್ಣು ಮಾಡ್ಯಾರ," ಎಂದಳು. ತನ್ನ ದನಿ ತರಗತಿಯಲ್ಲಿ ಉಕ್ತಲೇಖನ ಹೇಳಿಸುವ ದನಿಯಂತೆ ಕೇಳಿಸಿತು.

ಹುಲಿಗೆಮ್ಮ ಅಳಲಿಲ್ಲ. ಬಹಳ ಹೊತ್ತು ಮೂಲೆಯ ತಾಟುಗಳನ್ನು ನೋಡಿದಳು. "ಒಂಬತ್ತು ದಿನಾನೂ ನಾ ಉಂಡೇನಲ್ಲೋ ಗುಡ್ಡಪ್ಪ," ಎಂದಳು. "ಈಗೂ ಉಂಡೆ." ಆಮೇಲೆ ದನಿ ಬಂತು. ಅದು ಅಳುವಿನಂತಿರದೆ ದೂರದ ಯಾರನ್ನೋ ಕರೆದಂತಿತ್ತು. ಅಕ್ಕಪಕ್ಕದ ಹೆಂಗಸರು ಓಡಿಬಂದು ಒಬ್ಬೊಬ್ಬರಾಗಿ ಗೋಡೆಗುಂಟ ಕೂತರು. ಗುಡ್ಡಪ್ಪನನ್ನು ಯಾರೋ ಬೈದರು, ಯಾರೋ ಸುಮ್ಮನಾಗಿಸಿದರು. ಅವನು ಬೈಗುಳಕ್ಕೆ ತಲೆಯಾಡಿಸುತ್ತ ಕೂತಿದ್ದ. ಒಂಬತ್ತು ದಿನದಲ್ಲಿ ಮೊದಲ ಸಲ ಅವನ ಹೆಗಲು ಕೆಳಗಿಳಿದಿತ್ತು.

ಸುಗುಣಮ್ಮನಿಗೆ ಪ್ರಾರ್ಥಿಸಬೇಕೆನಿಸಿತು, ಒಂದು ವಾಕ್ಯವೂ ಬರಲಿಲ್ಲ. ಮುದುಕಿ ತನ್ನ ಇಡೀ ಭಾರವನ್ನು ಅವಳ ಎಡ ತೋಳಿನ ಮೇಲೆ ಬಿಟ್ಟಿದ್ದಳು. ತೋಳು ಜೋಮು ಹಿಡಿಯಿತು, ಅಲುಗಿಸಲಿಲ್ಲ. ಹೊರಗೆ ಕಂಪ್ಲಿಯ ಕಡೆ ಹೋಗುವ ಕೊನೆಯ ಟಂಟಂನವನು ಎರಡು ಸಲ ಹಾರ್ನು ಹಾಕಿ ಹೋದ. ಹೊಸದಾಗಿ ಬಂದ ಹೆಂಗಸೊಬ್ಬಳು ಅವಳನ್ನು ಮೇಲಿಂದ ಕೆಳಗೆ ನೋಡಿ, "ಈಕಿ ಯಾರವ್ವ? ಯಾರ ಪೈಕಿ?" ಎಂದು ಪಕ್ಕದವಳನ್ನು ಕೇಳಿದಳು. ಪಕ್ಕದವಳಿಗೆ ಗೊತ್ತಿರಲಿಲ್ಲ. ಗುಡ್ಡಪ್ಪ ಬಾಯಿ ತೆರೆಯುವಷ್ಟರಲ್ಲಿ ಹುಲಿಗೆಮ್ಮ ಅಳುವಿನ ನಡುವೆಯೇ ತಲೆಯೆತ್ತಿದಳು.

"ನಮ್ಮನಿಗೆ ಬಂದಾಕಿ," ಎಂದಳು. "ಬರಿ ನೆಲದ ಮ್ಯಾಲೆ ಕುಂದ್ರಿಸೀರಿ. ಒಳಗ ಕೌದಿ ಐತಿ, ತಂದು ಹಾಸಿ ಕೊಡ್ರೆ."

ಯಾರೋ ಹಳೆ ಸೀರೆಗಳ ಕೌದಿ ತಂದು ಗೋಡೆಯ ಪಕ್ಕ ಹಾಸಿದರು. ಸುಗುಣಮ್ಮ ಬೇಡವೆನ್ನಲಿಲ್ಲ. ಮುದುಕಿಯನ್ನು ಬಿಡದೆ, ಮೊಣಕಾಲು ನೋಯುತ್ತಿದ್ದಂತೆಯೇ ಮೆಲ್ಲಗೆ ಸರಿದು, ಅವರು ಹಾಸಿದ ಜಾಗದಲ್ಲಿ ಕೂತಳು.